ಮಾಲ್ ಸೊರಗಿದೆ, ಮ್ಯಾಚಿಂಗ್ ಸೆಂಟರ್ ಉಳಿಸಿಕೊಳ್ಳಬಹುದೇ?

ಪ್ರಶ್ನೆ: ಬೊರಿವಲಿಯಲ್ಲಿ ಸ್ಟೇಷನ್ನಿಗೆ ಹತ್ತಿರದ ಒಂದು ಮಾಲ್‌ನ ಮೊದಲ ಮಹಡಿಯಲ್ಲಿ 2006ರಲ್ಲಿ 140 ಚದರ ಅಡಿಯ ಗಾಳಾ (ಅಂಗಡಿ ಕೋಣೆ) ಕೊಂಡು, ನಾನೂ ನನ್ನ ಯಜಮಾನರೂ ಮ್ಯಾಚಿಂಗ್ ಸೆಂಟರ್ ನಡೆಸುತ್ತಿದ್ದೇವೆ. ಬ್ಲೌಸ್ ಪೀಸ್, ಅಸ್ತರ್, ಫಾಲ್, ಲಂಗದ ಬಟ್ಟೆ, ಲೇಸ್ ಮಾರುತ್ತೇವೆ. ಆಗ ನಮ್ಮ ಮಹಡಿಯಲ್ಲಿ ಅರುವತ್ತಕ್ಕೂ ಹೆಚ್ಚು ಅಂಗಡಿಗಳಿದ್ದವು, ಈಗ ಹದಿನೈದು ಉಳಿದಿವೆ. ಎಸ್ಕಲೇಟರ್ ನಿಂತಿದೆ, ಎಸಿ ಶನಿವಾರ, ಭಾನುವಾರ ಮಾತ್ರ, ಪ್ಯಾಸೇಜಿನ ಅರ್ಧ ದೀಪಗಳು ಉರಿಯುವುದಿಲ್ಲ. ಮೇಂಟೆನೆನ್ಸ್ ಮಾತ್ರ ವರ್ಷ ವರ್ಷ ಏರುತ್ತಿದೆ. ಆನ್‌ಲೈನ್ ಬಂದ ಮೇಲೆ ಎಲ್ಲ ಮುಗಿಯಿತು, ಮಾರಿಬಿಡಿ ಎನ್ನುತ್ತಾನೆ ಮಗ. ಒಬ್ಬ ದಲ್ಲಾಳಿ ಬೆಲೆ ಹೇಳಿ ಹೋಗಿದ್ದಾನೆ. ಇಡೀ ಮಹಡಿಯನ್ನು ಒಂದು ದೊಡ್ಡ ಕಂಪನಿಗೆ ಬಾಡಿಗೆಗೆ ಕೊಡೋಣ ಎಂದು ಗಾಳಾ ಮಾಲೀಕರ ಸೊಸೈಟಿಯಲ್ಲಿ ಕೆಲವರು ಮಾತನಾಡುತ್ತಿದ್ದಾರೆ. ನಾವು ಮುಂದುವರಿಸಬೇಕೇ, ಬಾಡಿಗೆಗೆ ಕೊಡಬೇಕೇ, ಮಾರಬೇಕೇ? ಇಷ್ಟಕ್ಕೂ ಹೀಗೇಕಾಯಿತು?

ಉತ್ತರ: ನಿಮ್ಮ ಮಗನ ಮಾತಿನಲ್ಲಿ ಅರ್ಧ ಸತ್ಯವಿದೆ. ಫ್ಲಿಪ್‌ಕಾರ್ಟ್ 2007ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು, ಅಮೆಜಾನ್ 2013ರಲ್ಲಿ ಭಾರತಕ್ಕೆ ಬಂತು. ಆದರೆ ಅವು ಕಸಿದುಕೊಂಡದ್ದು ನಿಮ್ಮ ನೆರೆಯವರ ವ್ಯಾಪಾರವನ್ನು: ಮೊಬೈಲ್ ಕವರ್, ವಾಚು, ಸಿಡಿ, ಆಟಿಕೆ, ಮಕ್ಕಳ ಬಟ್ಟೆ, ಚಪ್ಪಲಿ. ಸೀರೆಯ ಅಂಚಿಗೆ ಹೊಂದುವ ರುಬಿಯಾ ಬಟ್ಟೆಯನ್ನು ಮೊಬೈಲ್ ಪರದೆ ನೋಡಿ ತರಿಸಿಕೊಂಡವರು ಎರಡನೆಯ ಸಲ ಆ ಕೆಲಸಕ್ಕೆ ಹೋಗುವುದಿಲ್ಲ. ಆದರೆ ಮಗುವಿಗೆ ಫ್ರಾಕ್ ಕೊಳ್ಳಲು ಬಂದ ತಾಯಿ, ಬಂದದ್ದೇ ಬಂದೆ ಎಂದು ನಿಮ್ಮಲ್ಲಿ ಎರಡು ಫಾಲ್, ಒಂದು ಅಸ್ತರ್ ಕೊಂಡು ಹೋಗುತ್ತಿದ್ದಳು. ಫ್ರಾಕಿನ ಅಂಗಡಿ ಮುಚ್ಚಿದ ಮೇಲೆ ಆಕೆ ಮಾಲ್‌ನ ಮೆಟ್ಟಿಲನ್ನೇ ಹತ್ತುತ್ತಿಲ್ಲ. ನಿಮಗೆ ತಟ್ಟಿದ ಪೆಟ್ಟು ಹೀಗೆ ಸುತ್ತಿಬಳಸಿ ಬಂದದ್ದು.

ಉಳಿದ ಅರ್ಧ ಹೆಚ್ಚು ಮುಖ್ಯ. ಮುಂಬಯಿಯ ಉಪನಗರಗಳಲ್ಲಿ ನಿಮ್ಮಂಥ ಮಾಲ್‌ಗಳ ಪ್ರಿಮೈಸಿಸ್ ಸೊಸೈಟಿಗಳ ಲೆಕ್ಕಪತ್ರ ನೋಡುತ್ತಾ ಬಂದವನು ನಾನು. ಬಿಲ್ಡರ್ ಕಟ್ಟಡವನ್ನು ಗಾಳಾ ಗಾಳಾ ಮಾಡಿ ಮಾರಿದ ದಿನವೇ ನಿಮ್ಮ ಮಾಲ್‌ನ ಸೊರಗು ಶುರುವಾಯಿತು ಎಂದು ಖಚಿತವಾಗಿ ಹೇಳಬಲ್ಲೆ. ಆನ್‌ಲೈನ್, ಲಾಕ್‌ಡೌನ್, ಹತ್ತಿರದಲ್ಲಿ ಎದ್ದ ದೊಡ್ಡ ಮಾಲ್, ಇವೆಲ್ಲ ಆಮೇಲೆ ಬಂದ ಹೊಡೆತಗಳು. ಗಟ್ಟಿ ಯಜಮಾನಿಕೆ ಇದ್ದ ಕಟ್ಟಡಗಳು ಅವನ್ನು ತಾಳಿಕೊಂಡವು, ನಿಮ್ಮದು ತಾಳಲಿಲ್ಲ.

ಮುಂಬಯಿಯಲ್ಲಿ ಮಾಲ್ ಎನ್ನುವ ವ್ಯವಹಾರ ಮೊದಲು ಕಾಣಿಸಿಕೊಂಡದ್ದು 1999ರಲ್ಲಿ, ಹಾಜಿ ಅಲಿ ಬಳಿಯ ಕ್ರಾಸ್‌ರೋಡ್ಸ್‌ನಲ್ಲಿ. ನೂಕುನುಗ್ಗಲು ತಡೆಯಲು ಆರಂಭದಲ್ಲಿ ಅಲ್ಲಿ ಮೊಬೈಲ್ ಅಥವಾ ಕ್ರೆಡಿಟ್ ಕಾರ್ಡ್ ಇದ್ದವರನ್ನಷ್ಟೇ ಸುಮ್ಮನೆ ಒಳಗೆ ಬಿಡುತ್ತಿದ್ದರು. ಆಮೇಲೆ 2004ರಲ್ಲಿ ಮಲಾಡ್‌ನ ಇನಾರ್ಬಿಟ್, 2008ರಲ್ಲಿ ಗೋರೆಗಾಂವ್‌ನ ಒಬೆರಾಯ್, 2009ರಲ್ಲಿ ಘಾಟ್‌ಕೋಪರ್‌ನ ಆರ್ ಸಿಟಿ ಬಂದವು. ಇಂಥ ಕಡೆ ಇಡೀ ಕಟ್ಟಡಕ್ಕೆ ಒಬ್ಬನೇ ಯಜಮಾನ. ಅವನು ಅಂಗಡಿಗಳನ್ನು ಬಾಡಿಗೆಗೆ ಕೊಡುತ್ತಾನೆ. ಯಾರು ಎಲ್ಲಿ ಕೂರಬೇಕು, ಯಾರ ಪಕ್ಕ ಯಾರು ಇರಬೇಕು ಎಂಬುದು ಅವನ ಕೈಯಲ್ಲಿದೆ.

ಅದೇ ಕಾಲದಲ್ಲಿ ಉಪನಗರಗಳ ಸ್ಟೇಷನ್ ಬದಿಯಲ್ಲಿ ಇನ್ನೊಂದು ಬಗೆಯವು ಎದ್ದವು. ಹೊರಗಿನಿಂದ ಅದೇ ಗಾಜು, ಅದೇ ಎಸ್ಕಲೇಟರ್. ಒಳಗೆ ಮಾತ್ರ ನೂರಿನ್ನೂರು ಚದರ ಅಡಿಯ ಗಾಳಾಗಳನ್ನು ಒಬ್ಬೊಬ್ಬರಿಗೆ ಮಾರಾಟ ಮಾಡಲಾಗಿತ್ತು. ಬಿಲ್ಡರ್‌ಗೆ ಕಟ್ಟುವ ಮೊದಲೇ ದುಡ್ಡು ಕೈಸೇರುತ್ತಿತ್ತು. ಕೊಳ್ಳುವವರಿಗೆ ಎಸಿ ಮಾಲ್‌ನಲ್ಲಿ ಸ್ವಂತ ಅಂಗಡಿ ಎಂಬ ಹೆಮ್ಮೆ. ಪಗಡಿ (ಒಮ್ಮೆಗೇ ಕೊಡುವ ದೊಡ್ಡ ಮೊತ್ತ) ಕೊಟ್ಟು ಹಳೆಯ ಚಾಳಿನ ಕೆಳಗೆ ಅಂಗಡಿ ಹಿಡಿದಿದ್ದ ಹಿಂದಿನ ತಲೆಮಾರಿನ ಕಣ್ಣಿಗೆ ಅದು ದೊಡ್ಡ ಏಳಿಗೆ. ಕೊಂಡದ್ದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಆದರೆ ಕೊಂಡವರಲ್ಲಿ ನಿಮ್ಮಂತೆ ಅಂಗಡಿ ತೆರೆದು ಕೂತವರು ಒಂದು ಪಾಲು, ಬೆಲೆ ಏರಲಿ ಎಂದು ಶಟರ್ ಎಳೆದು ಬೀಗ ಹಾಕಿ ಹೋದವರು ಇನ್ನೊಂದು ಪಾಲು. ಆ ಎರಡನೆಯ ಪಾಲೇ ಮಾಲ್‌ಗಳನ್ನು ಒಳಗಿನಿಂದ ಕೊರೆದು ಹಾಕಿತು.

ಯಜಮಾನನಿರುವ ಮಾಲ್‌ನಲ್ಲಿ ದೊಡ್ಡ ಅಂಗಡಿಗೆ ಚದರ ಅಡಿಗೆ ಕಡಿಮೆ ಬಾಡಿಗೆ, ಸಣ್ಣ ಅಂಗಡಿಗೆ ಅದರ ಕೆಲವು ಪಟ್ಟು. ಮೇಲ್ನೋಟಕ್ಕೆ ಇದು ಅನ್ಯಾಯ. ಆದರೆ ದೊಡ್ಡ ಬಟ್ಟೆ ಅಂಗಡಿಯನ್ನೋ ದಿನಸಿ ಅಂಗಡಿಯನ್ನೋ ಪ್ಯಾಸೇಜಿನ ಆ ತುದಿಯಲ್ಲಿ ಕೂರಿಸಿ, ಸಿನಿಮಾ, ಊಟದ ಮಳಿಗೆಗಳನ್ನು ಮೇಲಿನ ಮಹಡಿಯಲ್ಲಿಟ್ಟು, ಜನ ಅಲ್ಲಿಗೆ ಹೋಗುವಾಗಲೂ ಬರುವಾಗಲೂ ಸಣ್ಣ ಅಂಗಡಿಗಳ ಮುಂದೆ ಹಾಯುವಂತೆ ಮಾಡುತ್ತಾರೆ. ಸಣ್ಣವನು ಕೊಡುವ ಹೆಚ್ಚಿನ ಬಾಡಿಗೆ ಆ ಓಡಾಟದ ಬೆಲೆ. ನಿಮ್ಮ ಮಾಲ್‌ನಲ್ಲಿ ಅಂಥ ಏರ್ಪಾಡು ಮಾಡುವವರೇ ಇರಲಿಲ್ಲ. ಕೆಳಗಿನ ಮುಖದ ಗಾಳಾಗಳು ಬ್ಯಾಂಕಿಗೆ, ಎಟಿಎಂಗೆ ಹೋಗಿರುತ್ತವೆ. ಮೇಲೆ ಕೋಚಿಂಗ್ ಕ್ಲಾಸು, ದಂತವೈದ್ಯರು, ಜಿಮ್. ಜನರೇನೋ ಬರುತ್ತಾರೆ, ಆದರೆ ಒಂದೇ ಬಾಗಿಲಿಗೆ ಬಂದು ಅದೇ ದಾರಿಯಲ್ಲಿ ಇಳಿದು ಹೋಗುತ್ತಾರೆ.

ಒಂದು ಪ್ಯಾಸೇಜಿನಲ್ಲಿ ಮೂರು ಶಟರ್ ಸಾಲಾಗಿ ಮುಚ್ಚಿದ್ದರೆ ಗಿರಾಕಿ ಅಲ್ಲಿಂದಲೇ ಹಿಂದೆ ತಿರುಗುತ್ತಾಳೆ. ನಾಲ್ಕನೆಯದು ನಿಮ್ಮ ಅಂಗಡಿ ಎಂಬುದು ಆಕೆಗೆ ಗೊತ್ತೇ ಆಗುವುದಿಲ್ಲ. ನಿಮ್ಮ ವ್ಯಾಪಾರ ಇಳಿದದ್ದಕ್ಕೆ ನಿಮ್ಮ ಸರಕನ್ನೋ ಮಾತನ್ನೋ ಮಗನ ನಿರಾಸಕ್ತಿಯನ್ನೋ ದೂರಿಕೊಳ್ಳುವ ಮೊದಲು ಒಂದು ಮಧ್ಯಾಹ್ನ ಎಸ್ಕಲೇಟರಿನ ಬುಡದಲ್ಲಿ ನಿಂತು ನೋಡಿ. ಎಷ್ಟು ಜನ ತಲೆಯೆತ್ತಿ ಮೇಲೆ ನೋಡಿ, ಕತ್ತಲೆ ಕಂಡು, ಹಾಗೇ ಹೊರಟು ಹೋಗುತ್ತಾರೆ ಎಂದು ತಿಳಿಯುತ್ತದೆ.

ಯಜಮಾನನಿದ್ದ ಮಾತ್ರಕ್ಕೆ ಮಾಲ್ ಬದುಕುತ್ತದೆ ಎಂದೂ ಅಲ್ಲ. ಅಷ್ಟು ಮೆರೆದ ಕ್ರಾಸ್‌ರೋಡ್ಸ್ ಕೈಬದಲಾಗಿ ಸೋಬೋ ಸೆಂಟ್ರಲ್ ಆಗಿ ಕೊನೆಗೆ ಬಹುಮಟ್ಟಿಗೆ ಖಾಲಿಯಾಯಿತು. ಶೇ 40ಕ್ಕಿಂತ ಹೆಚ್ಚು ಜಾಗ ಖಾಲಿ ಬಿದ್ದಿರುವ ಮಾಲ್‌ಗಳನ್ನು ನೈಟ್ ಫ್ರ್ಯಾಂಕ್ ಎಂಬ ಆಸ್ತಿ ಸಲಹಾ ಸಂಸ್ಥೆ ಬೇರೆಯಾಗಿ ಎಣಿಸುತ್ತದೆ. ದೇಶದ ಎಂಟು ದೊಡ್ಡ ನಗರಗಳಲ್ಲಿ ಅಂಥವು 2022ರಲ್ಲಿ 57 ಇದ್ದವು, 2023ರಲ್ಲಿ 64 ಆದವು. ದೊಡ್ಡ, ಚೆನ್ನಾಗಿ ನಡೆಯುವ ಮಾಲ್‌ಗಳು ಇನ್ನೂ ಬೆಳೆಯುತ್ತಿರುವಾಗಲೇ ಸಣ್ಣವು ಹೀಗೆ ಬರಿದಾಗುತ್ತಿವೆ.

ಲಾಕ್‌ಡೌನ್ ನಿಮಗೆ ಮಾಡಿದ ಅನ್ಯಾಯವನ್ನೂ ಹೇಳಬೇಕು, ಯಾಕೆಂದರೆ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. 2020ರ ಜೂನ್‌ನಲ್ಲಿ ಮುಂಬಯಿಯ ರಸ್ತೆ ಬದಿಯ ಅಂಗಡಿಗಳಿಗೆ ಒಂದು ದಿನ ಈ ಬದಿ, ಒಂದು ದಿನ ಆ ಬದಿ ಎಂದು ತೆರೆಯಲು ಬಿಟ್ಟರು. ಮಾಲ್‌ಗಳಿಗೆ ಅನುಮತಿ ಸಿಕ್ಕಿದ್ದು ಆಗಸ್ಟ್ 5ಕ್ಕೆ. ಮರು ವರ್ಷವೂ ಹಾಗೆಯೇ ಆಯಿತು: ರಸ್ತೆಯ ಅಂಗಡಿಗಳು ಜೂನ್‌ನಲ್ಲಿ ತೆರೆದವು, ಮಾಲ್‌ಗಳು ಆಗಸ್ಟ್ ತನಕ ಕಾದವು. ನಿಮ್ಮ 140 ಚದರ ಅಡಿಯ ಅಂಗಡಿಯೂ ಸರಕಾರದ ಕಡತದಲ್ಲಿ ‘ಮಾಲ್’ ಆಗಿತ್ತು. ಆ ತಿಂಗಳುಗಳಲ್ಲಿ ನಿಮ್ಮ ಗಿರಾಕಿಗಳು ರಸ್ತೆಯ ಮ್ಯಾಚಿಂಗ್ ಸೆಂಟರಿನ ದಾರಿ ಕಲಿತರು. ಅವರಲ್ಲಿ ಎಷ್ಟೋ ಮಂದಿ ಹಿಂದಿರುಗಲಿಲ್ಲ.

ಇನ್ನು ಮೇಂಟೆನೆನ್ಸ್. ಇದು ಏಕೆ ಏರುತ್ತದೆ ಎಂದರೆ ಕೊಡುವವರು ಕಡಿಮೆಯಾಗುತ್ತಾರೆ. ಬೀಗ ಹಾಕಿದ ಗಾಳಾದ ಮಾಲೀಕ ಪುಣೆಯಲ್ಲೋ ದುಬೈಯಲ್ಲೋ ಇರುತ್ತಾನೆ, ಬಿಲ್ಲು ಕಟ್ಟುವುದಿಲ್ಲ. ಕಟ್ಟುವವರ ಮೇಲೆ ಹೊರೆ ಬೀಳುತ್ತದೆ. ಹೊರೆ ತಗ್ಗಿಸಲು ಎಸಿ ನಿಲ್ಲಿಸುತ್ತಾರೆ, ಎಸಿ ನಿಂತ ಮೇಲೆ ಇನ್ನೆರಡು ಅಂಗಡಿ ಮುಚ್ಚುತ್ತವೆ, ಮತ್ತೆ ಕೊಡುವವರು ಕಡಿಮೆ. ಈ ಸುರುಳಿಯನ್ನು ಕತ್ತರಿಸಬೇಕಾದದ್ದು ಬಾಕಿ ವಸೂಲಿಯಲ್ಲಿ. ನಿಮ್ಮದು ನೋಂದಾಯಿತ ಸಹಕಾರಿ ಸೊಸೈಟಿಯಾಗಿದ್ದರೆ, ಮಹಾರಾಷ್ಟ್ರದ 1960ರ ಸಹಕಾರ ಸಂಘಗಳ ಕಾಯ್ದೆಯಡಿ ಉಪನಿಬಂಧಕರಿಂದ ವಸೂಲಿ ಪ್ರಮಾಣಪತ್ರ ತರಬಹುದು. ಅದು ಕೈಗೆ ಬಂದರೆ ಬೀಗ ಹಾಕಿದ ಗಾಳಾವನ್ನು ಜಪ್ತಿ ಮಾಡುವವರೆಗೂ ಹೋಗಬಹುದು. ಬಹಳ ಕಮಿಟಿಗಳು ಮುಲಾಜಿಗೆ ಬಿದ್ದು ಇದನ್ನು ಮಾಡುವುದಿಲ್ಲ. ಕಟ್ಟದವರ ಮುಲಾಜು ನೋಡಿದರೆ ಕಟ್ಟುವವರು ಮುಳುಗುತ್ತಾರೆ ಎಂದು ನಾನು ಪ್ರತಿ ಸಭೆಯಲ್ಲೂ ಹೇಳುತ್ತೇನೆ.

ನಿಮ್ಮ ಬಿಲ್ಲನ್ನು ಒಮ್ಮೆ ಬಿಡಿಸಿ ನೋಡಿ. ನಿಮ್ಮದು ವ್ಯಾಪಾರದ ಜಾಗವಾದ್ದರಿಂದ, ಸೊಸೈಟಿ ಜಿಎಸ್‌ಟಿಯಲ್ಲಿ ನೋಂದಾಯಿತವಾಗಿದ್ದರೆ ಮೇಂಟೆನೆನ್ಸ್ ಮೇಲೆ ಶೇ 18 ಜಿಎಸ್‌ಟಿ ಬೀಳುತ್ತದೆ. ನೀವು ಸಣ್ಣ ವ್ಯಾಪಾರಿಗಳ ಕಾಂಪೊಸಿಷನ್ ಯೋಜನೆಯಲ್ಲಿದ್ದು ಮಾರಾಟದ ಶೇ 1 ತೆರಿಗೆ ಕಟ್ಟುತ್ತಿದ್ದರೆ ಈ 18ರಲ್ಲಿ ಒಂದು ಪೈಸೆಯೂ ವಾಪಸು ಬರುವುದಿಲ್ಲ. ಅದು ಪೂರ್ತಿ ಖರ್ಚೇ. ಇನ್ನೊಂದು, ಬಿಲ್ಲು ಯಾವ ಅಳತೆಯ ಮೇಲೆ ಇದೆ ಎಂದು ನೋಡಿ. 2006ರಲ್ಲಿ 140 ಅಡಿ ಎಂದು ಮಾರಿದ್ದು ಗೋಡೆಯೊಳಗಿನ ಅಳತೆ ಆಗಿರಲಿಕ್ಕಿಲ್ಲ. ಕಾರ್ಪೆಟ್ ಅಳತೆಯ ಮೇಲೇ ಮಾರಬೇಕೆಂಬ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ಕಟ್ಟುನಿಟ್ಟು ಬಂದದ್ದು 2017ರಲ್ಲಿ. ಮೇಜರಿಂಗ್ ಟೇಪ್ ನಿಮ್ಮ ಕೌಂಟರಿನಲ್ಲೇ ಇದೆಯಲ್ಲ, ಒಳಗೆ ಎಷ್ಟು ಸಿಗುತ್ತದೆ ಎಂದು ಅಳೆದು ಬರೆದಿಟ್ಟುಕೊಳ್ಳಿ. ಮುಂದೆ ಮಹಡಿ ಬಾಡಿಗೆಯ ಪಾಲು ಹಂಚುವಾಗ ಈ ಅಂಕಿ ಬೇಕಾಗುತ್ತದೆ.

ಸೊಸೈಟಿಗೆ ಎಸಿ ಮತ್ತು ದೀಪ ಎರಡನ್ನೂ ಕೊಡುವ ಶಕ್ತಿ ಇಲ್ಲದಿದ್ದರೆ ನೀವು ದೀಪವನ್ನು ಕೇಳಿ. ಉಳಿದ ಅಂಗಡಿಗಳಿಗಿಂತ ನಿಮಗೆ ಇದು ಹೆಚ್ಚು ಅಗತ್ಯ. ಮ್ಯಾಚಿಂಗ್ ಸೆಂಟರಿನಲ್ಲಿ ನಡೆಯುವ ಕೆಲಸವನ್ನು ನಾನು ಬಲ್ಲೆ. ಗಿರಾಕಿ ಕೈಚೀಲದಿಂದ ಸೀರೆ ತೆಗೆಯುತ್ತಾಳೆ, ನೀವು ಗೋಡೆಯ ಕಪಾಟಿನಿಂದ ಒಂದೇ ಬಣ್ಣದ ಐದಾರು ಛಾಯೆಗಳ ತಾನುಗಳನ್ನು ಎಳೆದು ಸೆರಗಿನ ಪಕ್ಕ ಇಡುತ್ತೀರಿ, ಆಕೆಗೆ ಒಪ್ಪಿಗೆಯಾಗುವುದಿಲ್ಲ. ಬಟ್ಟೆಯನ್ನೂ ಸೀರೆಯನ್ನೂ ಹಿಡಿದು ಇಬ್ಬರೂ ಪ್ಯಾಸೇಜಿನ ಬೆಳಕಿಗೆ ಹೋಗುತ್ತೀರಿ. ಟ್ಯೂಬ್‌ಲೈಟಿನಲ್ಲಿ ಒಂದೇ ಆಗಿ ಕಂಡ ಮೆರೂನ್ ಮತ್ತು ಕಂದು ಅಲ್ಲಿ ಬೇರೆಯಾಗುತ್ತವೆ. ಆ ಪ್ಯಾಸೇಜೇ ಕತ್ತಲಾದರೆ ನಿಮ್ಮ ಕಸುಬಿನ ಜೀವಾಳವೇ ಹೋಯಿತು. ಸೊಸೈಟಿ ಒಪ್ಪದಿದ್ದರೆ ಪಕ್ಕದ ಇಬ್ಬರನ್ನು ಸೇರಿಸಿಕೊಂಡು ನಿಮ್ಮ ಮೂರು ಅಂಗಡಿಗಳ ಮುಂದಿನ ದೀಪಗಳ ಖರ್ಚನ್ನು ನೀವೇ ಹೊರುತ್ತೇವೆಂದು ಬರೆದುಕೊಟ್ಟು ಹಾಕಿಸಿಕೊಳ್ಳಿ.

ಈಗ ಮುಂದುವರಿಸುವ, ಬಿಡುವ ಮಾತು. ನಿಮ್ಮ ಹತ್ತಿರ ಒಂದು ಜಾಗವಿದೆ, ಒಂದು ವ್ಯಾಪಾರವಿದೆ. ಇಪ್ಪತ್ತು ವರ್ಷ ಒಟ್ಟಿಗಿದ್ದುದರಿಂದ ನೀವು ಎರಡನ್ನೂ ಒಂದೆಂದು ನೋಡುತ್ತಿದ್ದೀರಿ. ಕಾಗದದ ಮೇಲೆ ಅವನ್ನು ಬೇರೆ ಮಾಡಿ. ಉದಾಹರಣೆಗೆ ತಿಂಗಳ ಮಾರಾಟ 1,80,000 ರೂಪಾಯಿ ಎಂದಿಟ್ಟುಕೊಳ್ಳೋಣ. ನೂರಕ್ಕೆ ಮೂವತ್ತು ಉಳಿದರೆ 54,000. ಮೇಂಟೆನೆನ್ಸ್ 7,000, ಕರೆಂಟು 3,500, ಸಹಾಯಕಿಯ ಸಂಬಳ 12,000, ಚಿಲ್ಲರೆ ಖರ್ಚು 3,500 ಕಳೆದರೆ 28,000. ಇದನ್ನೇ ಎಲ್ಲರೂ ಲಾಭ ಎನ್ನುತ್ತಾರೆ. ಆದರೆ ಆ ಗಾಳಾವನ್ನು ಬೇರೆಯವರಿಗೆ ಕೊಟ್ಟಿದ್ದರೆ 15,000 ಬರುತ್ತಿತ್ತು ಎಂದಾದರೆ ಅದನ್ನು ವ್ಯಾಪಾರ ನಿಮಗೆ ಬಾಡಿಗೆಯಾಗಿ ಕೊಡಬೇಕು. ಉಳಿದದ್ದು 13,000. ಆರು ಲಕ್ಷದ ಸರಕಿನಲ್ಲಿ ತೊಡಗಿಸಿದ ಹಣ ಬ್ಯಾಂಕಿನಲ್ಲಿದ್ದರೆ ಶೇ 7ರಂತೆ ತಿಂಗಳಿಗೆ 3,500 ಬಡ್ಡಿ ಬರುತ್ತಿತ್ತು. ಅದನ್ನೂ ಕಳೆಯಿರಿ, 9,500. ಇಬ್ಬರು ಬೆಳಗಿನಿಂದ ರಾತ್ರಿಯವರೆಗೆ ದುಡಿದದ್ದಕ್ಕೆ ಸಿಕ್ಕ ಸಂಬಳ ಇದು. ಈ ಅಂಕಿಗಳು ಲೆಕ್ಕದ ದಾರಿ ತೋರಿಸಲಿಕ್ಕಷ್ಟೇ, ನಿಮ್ಮ ಸ್ವಂತ ಅಂಕಿಗಳನ್ನು ಹಾಕಿ ನೋಡಿ.

ಇಲ್ಲಿ ಒಂದು ಸೂಕ್ಷ್ಮವಿದೆ. ನಲವತ್ತೈದು ಗಾಳಾ ಮುಚ್ಚಿರುವ ಮಹಡಿಯಲ್ಲಿ ನಿಮ್ಮದನ್ನು ಬಾಡಿಗೆಗೆ ಹಿಡಿಯುವವರು ಯಾರು? ಯಾರೂ ಇಲ್ಲದಿದ್ದರೆ ಆ 15,000 ಬರಿಯ ಕಲ್ಪನೆ. ಆಗ ಅಂಗಡಿ ಮುಚ್ಚಿದರೆ ನಿಮಗೆ ಬಾಡಿಗೆ ಬರುವುದಿಲ್ಲ, ಮೇಂಟೆನೆನ್ಸ್ ಮಾತ್ರ ತಪ್ಪುವುದಿಲ್ಲ. ಅಂಥ ಸ್ಥಿತಿಯಲ್ಲಿ ಬೇರೆ ದಾರಿ ಸಿದ್ಧವಾಗುವವರೆಗೆ ಅಂಗಡಿ ನಡೆಸುವುದೇ ಸರಿ. ನೆರೆಯವರು ಮುಚ್ಚಿದರೆಂದು ನಾವೂ ಮುಚ್ಚುವುದು, ಸ್ವಂತ ಜಾಗ ತಾನೇ ಎಂದು ಕಣ್ಣು ಮುಚ್ಚಿ ನಡೆಸುವುದು, ಎರಡೂ ಲೆಕ್ಕ ಹಾಕದೆ ಮಾಡುವ ತಪ್ಪುಗಳು.

ಎರಡನೆಯ ಕೆಲಸ. ಕೌಂಟರಿನ ಮೇಲೆ ಒಂದು ನೋಟ್‌ಬುಕ್ ಇಡಿ. ಒಂದು ತಿಂಗಳು ಪ್ರತಿ ಗಿರಾಕಿಯನ್ನು ಹೇಗೆ ಬಂದಿರಿ ಎಂದು ಕೇಳಿ. ದರ್ಜಿ ಕಳಿಸಿದ್ದು, ಹಳೆಯ ಪರಿಚಯ, ಮಾಲ್‌ಗೆ ಬಂದಾಗ ಕಣ್ಣಿಗೆ ಬಿದ್ದದ್ದು, ಹೀಗೆ ಮೂರು ಸಾಲು ಸಾಕು. ನನ್ನ ಎಣಿಕೆ ಏನೆಂದರೆ ಈಗ ಉಳಿದಿರುವವರಲ್ಲಿ ಹೆಚ್ಚಿನವರು ಮೊದಲೆರಡು ಸಾಲಿನವರು. ಕತ್ತಲ ಪ್ಯಾಸೇಜು ದಾಟಿ, ನಿಂತ ಎಸ್ಕಲೇಟರನ್ನು ಮೆಟ್ಟಿಲಿನಂತೆ ಹತ್ತಿ ಬರುವವರು ನಿಮ್ಮನ್ನೇ ಹುಡುಕಿಕೊಂಡು ಬರುತ್ತಾರೆ. ಯಾವ ಅಸ್ತರನ್ನು ಮೊದಲು ನೀರಿಗೆ ಹಾಕಿ ಒಣಗಿಸಿ ಆಮೇಲೆ ಹೊಲಿಸಬೇಕು, ಯಾವ ಬಟ್ಟೆ ಬಣ್ಣ ಬಿಡುತ್ತದೆ, ಪೈಠಣಿಗೆ ಯಾವುದು, ಇಳಕಲ್ ಸೀರೆಗೆ ಯಾವುದು ಎಂದು ಕೈಯಲ್ಲಿ ಮುಟ್ಟಿ ಹೇಳುವ ನಿಮ್ಮ ತಿಳಿವಳಿಕೆಗಾಗಿ ಬರುತ್ತಾರೆ. ನೋಟ್‌ಬುಕ್ ಹಾಗೆಯೇ ಹೇಳಿದರೆ, ನಿಮ್ಮ ವ್ಯಾಪಾರ ಮಾಲ್‌ನ ಮೇಲೆ ನಿಂತಿಲ್ಲ ಎಂದರ್ಥ. ಅದನ್ನು ಎತ್ತಿಕೊಂಡು ಹೋಗಬಹುದು. ಗಾಳಾವನ್ನು ಎತ್ತಿಕೊಂಡು ಹೋಗಲಾಗುವುದಿಲ್ಲ.

ಹೋಗುವುದಾದರೆ ದರ್ಜಿಗಳಿರುವ ಬೀದಿಗೆ ಹೋಗಿ. ನಿಮಗೆ ದೊಡ್ಡ ಮುಖ ಬೇಕಿಲ್ಲ. ಪಿಕೋ-ಫಾಲ್ ಮಾಡುವವರ ಅಂಗಡಿಯಲ್ಲಿ ಅರ್ಧ ಪಾಲು ಸಿಕ್ಕರೂ ಇಬ್ಬರಿಗೂ ಲಾಭ. ಮುಂಬಯಿಯಲ್ಲಿ ಇದು ಲೀವ್ ಆ್ಯಂಡ್ ಲೈಸೆನ್ಸ್ ಕರಾರಿನ (ನಿಗದಿತ ಅವಧಿಗೆ ಜಾಗ ಬಳಸಲು ಕೊಡುವ ಒಪ್ಪಂದದ) ಮೇಲೆ ನಡೆಯುತ್ತದೆ, ಐದು ವರ್ಷದವರೆಗಿನ ಕರಾರಿಗೆ ಮುದ್ರಾಂಕ ಶುಲ್ಕ ಒಟ್ಟು ಬಾಡಿಗೆಯ ಶೇ 0.25. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೆಯ ಕಲಮಿನಂತೆ ಈ ಕರಾರು ಬರವಣಿಗೆಯಲ್ಲಿರಬೇಕು, ನೋಂದಣಿಯಾಗಬೇಕು. ನೋಂದಾಯಿಸುವ ಹೊಣೆ ಮಾಲೀಕನದು. ಆಗದಿದ್ದರೆ, ವಿವಾದ ಬಂದಾಗ ಬೇರೆ ಸಾಕ್ಷ್ಯ ಸಿಗುವವರೆಗೂ ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ ನಡೆಯುತ್ತದೆ. ನೀವು ಬಾಡಿಗೆಗೆ ಹಿಡಿಯುವಾಗಲೂ, ನಿಮ್ಮ ಗಾಳಾವನ್ನು ಬೇರೆಯವರಿಗೆ ಕೊಡುವಾಗಲೂ ಈ ಕಲಮನ್ನು ಮರೆಯಬೇಡಿ. ನಮ್ಮೂರಿನವರೇ ಅಲ್ಲವೇ ಎಂದು ಬಾಯಿಮಾತಿನಲ್ಲಿ ಕೊಟ್ಟು ಆಮೇಲೆ ಕೋರ್ಟು ಅಲೆದವರು ನಮ್ಮವರಲ್ಲಿ ಕಡಿಮೆಯಿಲ್ಲ.

ಮಹಡಿಯನ್ನು ಒಂದೇ ಕಂಪನಿಗೆ ಕೊಡುವ ಮಾತು ನಿಮ್ಮ ಪತ್ರದಲ್ಲಿ ನನಗೆ ಅತ್ಯಂತ ಆಶೆ ಹುಟ್ಟಿಸಿದ ವಿಷಯ. ಗಾಳಾ ಗಾಳಾ ಆಗಿ ಒಡೆದದ್ದನ್ನು ಮತ್ತೆ ಒಂದು ಮಾಡುವುದೊಂದೇ ಈ ಕಾಯಿಲೆಗೆ ಮದ್ದು. ಹಣವನ್ನು ಒಟ್ಟುಗೂಡಿಸಿ ಸಹಕಾರದಲ್ಲಿ ನಡೆಸುವುದು ಈ ನಗರದಲ್ಲಿ ನಮ್ಮ ಕಡೆಯವರಿಗೆ ಹೊಸತಲ್ಲ. ಶ್ಯಾಮರಾವ್ ವಿಠ್ಠಲ್ ಬ್ಯಾಂಕು 1906ರಷ್ಟು ಹಿಂದೆ ಹಾಗೆ ಹುಟ್ಟಿತು, ಮೊಗವೀರ ಬ್ಯಾಂಕು, ಭಾರತ್ ಬ್ಯಾಂಕುಗಳೂ ಹಾಗೆಯೇ ಕಟ್ಟಿದಂಥವು. ಕಂಪನಿ ಒಳಗೆ ಬಂದರೆ ಹೊರಗೆ ಹೋಗುವುದೇ ಇಲ್ಲವೆಂಬ ಹಳೆಯ ಮುಂಬಯಿ ಭಯ ಸಭೆಯಲ್ಲಿ ಏಳುತ್ತದೆ. ಒಂದು ಕೋಟಿ ರೂಪಾಯಿ ಅಥವಾ ಹೆಚ್ಚು ಪಾವತಿಯಾದ ಷೇರು ಬಂಡವಾಳ ಇರುವ ಕಂಪನಿಗಳಿಗೆ 1999ರ ಬಾಡಿಗೆ ಕಾಯ್ದೆಯ ರಕ್ಷಣೆ ಸಿಗುವುದಿಲ್ಲ ಎಂದು ಅವರಿಗೆ ತಿಳಿಸಿ. ಅವಧಿ ಮುಗಿದ ಮೇಲೆ ಕರಾರಿನಂತೆ ಜಾಗ ಬಿಡಬೇಕು.

ನಿಜವಾದ ಅಪಾಯ ಗೋಡೆ ಒಡೆಯುವುದರಲ್ಲಿದೆ. ಕಂಪನಿ ನಡುಗೋಡೆಗಳನ್ನೆಲ್ಲ ತೆಗೆದು ಹಾಲ್ ಮಾಡುತ್ತದೆ. ಒಂಬತ್ತು ವರ್ಷದ ನಂತರ ಅದು ಹೋದಾಗ ನಿಮ್ಮ ಗಾಳಾ ಎಲ್ಲಿತ್ತು? ನಾನು ಲೆಕ್ಕ ನೋಡುವ ಒಂದು ಸೊಸೈಟಿಯಲ್ಲಿ ಗೋಡೆ ಒಡೆಯುವ ಮೊದಲು ಆರ್ಕಿಟೆಕ್ಟ್ ಅಳೆದು ನಕ್ಷೆ ಮಾಡಿ, ಅದನ್ನು ಕರಾರಿಗೆ ಲಗತ್ತಿಸಿ ನೋಂದಾಯಿಸಿದರು. ಪ್ರತಿ ಗಾಳಾದ ನಾಲ್ಕು ಮೂಲೆಗೂ ನೆಲದಲ್ಲಿ ಹಿತ್ತಾಳೆಯ ಗುಂಡಿ ಕೂರಿಸಿ ಸಂಖ್ಯೆ ಕೊರೆಸಿದರು. ಮೇಲೆ ಹೊಸ ಟೈಲ್ಸ್ ಬಂದರೂ ಗುಂಡಿ ಅಡಿಯಲ್ಲಿ ಇದ್ದೇ ಇರುತ್ತದೆ. ನೀವೂ ಅದನ್ನೇ ಒತ್ತಾಯಿಸಿ. ಜಾಗ ಬಿಡುವಾಗ ಕಂಪನಿಯೇ ತನ್ನ ಖರ್ಚಿನಲ್ಲಿ ಗೋಡೆ ಕಟ್ಟಿಕೊಡಬೇಕೆಂಬ ಷರತ್ತು, ಮಹಾನಗರಪಾಲಿಕೆಯ ಅನುಮತಿ ಯಾರು ತರಬೇಕೆಂಬ ಷರತ್ತು ಎರಡೂ ಇರಲಿ. ಬಾಡಿಗೆ ಕಮಿಟಿಯ ಖಾತೆಗೆ ಬೇಡ, ಪ್ರತಿ ಮಾಲೀಕರ ಖಾತೆಗೆ ನೇರವಾಗಿ ಬರಲಿ. ಪಾಲು ನೋಂದಾಯಿತ ದಸ್ತಾವೇಜಿನ ಕಾರ್ಪೆಟ್ ಅಳತೆಯಂತೆ ಹಂಚಲಿ. ಎಸ್ಕಲೇಟರ್ ಮುಖದವರು ತಮಗೆ ಜಾಸ್ತಿ ಬೇಕೆಂದು ಪಟ್ಟು ಹಿಡಿಯುತ್ತಾರೆ, ಸ್ವಲ್ಪ ಜಾಸ್ತಿ ಕೊಟ್ಟು ಮುಗಿಸಿ. ಅದೇ ಜಗಳದಲ್ಲಿ ವರ್ಷ ಕಳೆದು ಕಂಪನಿ ಬೇರೆ ಕಟ್ಟಡ ನೋಡಿಕೊಂಡ ಉದಾಹರಣೆ ನನ್ನ ಕಣ್ಣ ಮುಂದಿದೆ. ಮಹಡಿಯ ನಡುವಿನ ಗಾಳಾದ ಮಾಲೀಕ ಸಿಗದಿದ್ದರೂ ಕೆಲಸ ನಿಲ್ಲುತ್ತದೆ, ಆದ್ದರಿಂದ ಮುಚ್ಚಿದ ಗಾಳಾಗಳ ಮಾಲೀಕರನ್ನು ಈಗಿನಿಂದಲೇ ಹುಡುಕಲು ಶುರು ಮಾಡಬೇಕು.

ದಲ್ಲಾಳಿಗೆ ಇನ್ನೂ ಮಾತು ಕೊಡಬೇಡಿ. ಯಾರೂ ಕೇಳದ ಮಾಲ್‌ನಲ್ಲಿ ಒಬ್ಬ ಬಂದು ಬೆಲೆ ಹೇಳುತ್ತಾನೆ ಎಂದರೆ ಅವನ ಹಿಂದೆ ಗಾಳಾಗಳನ್ನು ಸದ್ದಿಲ್ಲದೆ ಒಟ್ಟು ಮಾಡುತ್ತಿರುವವರು ಇರಬಹುದು. ಕಳೆದ ಎರಡು ವರ್ಷದಲ್ಲಿ ಎಷ್ಟು ಷೇರು ಪ್ರಮಾಣಪತ್ರಗಳು (ಗಾಳಾ ಮಾಲೀಕರ ಸದಸ್ಯತ್ವದ ಪತ್ರಗಳು) ವರ್ಗವಾಗಿವೆ, ಯಾರ ಹೆಸರಿಗೆ ಎಂದು ಸೊಸೈಟಿಯಲ್ಲಿ ಕೇಳಿ. ಒಂದೇ ಹೆಸರು, ಒಂದೇ ವಿಳಾಸ ಮತ್ತೆ ಮತ್ತೆ ಕಂಡರೆ ನಿಮ್ಮ ಗಾಳಾದ ಬೆಲೆ ಆತ ಹೇಳಿದ್ದಕ್ಕಿಂತ ಹೆಚ್ಚು.

ಮಾರುವುದೇ ಆದರೆ ತೆರಿಗೆಯ ಒಂದು ಬಲೆ ಗೊತ್ತಿರಲಿ. ಸರಕಾರದ ರೆಡಿ ರೆಕನರ್ ದರ (ಮುದ್ರಾಂಕ ಶುಲ್ಕಕ್ಕೆ ನಿಗದಿ ಮಾಡಿದ ಆಸ್ತಿ ಬೆಲೆ) ಸತ್ತ ಮಾಲ್ ಎಂದು ನೋಡುವುದಿಲ್ಲ, ಆ ಪ್ರದೇಶದ ಅಂಗಡಿ ದರ ಹಿಡಿಯುತ್ತದೆ. ನಿಮಗೆ ಕೈಗೆ ಬರುವ ಬೆಲೆ ಅದಕ್ಕಿಂತ ಬಹಳ ಕೆಳಗಿದ್ದರೂ, ವ್ಯತ್ಯಾಸ ಶೇ 10ನ್ನು ಮೀರಿದರೆ ಆದಾಯ ತೆರಿಗೆಯವರು ಸರಕಾರಿ ದರವನ್ನೇ ನಿಮ್ಮ ಮಾರಾಟ ಬೆಲೆ ಎಂದು ಹಿಡಿಯುತ್ತಾರೆ. ಅದನ್ನು ಒಪ್ಪದೆ ಇಲಾಖೆಯ ಮೌಲ್ಯಮಾಪಕರಿಗೆ ಕಳಿಸಿ ಎಂದು ಕೇಳುವ ಹಕ್ಕು ನಿಮಗಿದೆ. ಮುಚ್ಚಿದ ಶಟರ್‌ಗಳ, ನಿಂತ ಎಸ್ಕಲೇಟರಿನ ಫೋಟೊಗಳನ್ನು ತಾರೀಕಿನ ಸಮೇತ ಈಗಲೇ ತೆಗೆದಿಡಿ, ಆಗ ಉಪಯೋಗಕ್ಕೆ ಬರುತ್ತವೆ. ಇಷ್ಟು ವರ್ಷ ಗಾಳಾದ ಮೇಲೆ ಸವಕಳಿ ಕಳೆದು ತೆರಿಗೆ ಕಟ್ಟಿದ್ದರೆ ಲಾಭದ ಲೆಕ್ಕವೇ ಬೇರೆಯಾಗುತ್ತದೆ. ಅದು ಅಲ್ಪಾವಧಿ ಲಾಭವಾಗಿ, ದೀರ್ಘಾವಧಿಯ ಶೇ 12.5ರ ದರ ನಿಮಗೆ ಸಿಗಲಿಕ್ಕಿಲ್ಲ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ನಿಮ್ಮ ಹಳೆಯ ರಿಟರ್ನ್‌ಗಳನ್ನು ನಿಮ್ಮ ಸಿಎಗೆ ತೋರಿಸಿ.

ಬೆಂಕಿಯ ವಿಷಯ ನೀವು ಕೇಳಿಲ್ಲ, ನಾನು ಹೇಳದೆ ಬಿಡಲಾರೆ. 2020ರ ಅಕ್ಟೋಬರ್‌ನಲ್ಲಿ ನಾಗಪಾಡಾದ ಸಿಟಿ ಸೆಂಟರ್ ಮಾಲ್ ಹೊತ್ತಿ ಎರಡು ದಿನಕ್ಕೂ ಮಿಕ್ಕಿ ಉರಿಯಿತು. ಅಲ್ಲಿದ್ದವು ಹೆಚ್ಚಾಗಿ ಮೊಬೈಲಿನ ಸಣ್ಣ ಅಂಗಡಿಗಳು. 2021ರ ಮಾರ್ಚ್‌ನಲ್ಲಿ ಭಾಂಡುಪ್‌ನ ಡ್ರೀಮ್ಸ್ ಮಾಲ್‌ಗೆ ಬೆಂಕಿ ಬಿದ್ದು, ಮೇಲಿನ ಆಸ್ಪತ್ರೆಯಲ್ಲಿದ್ದ ಹತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಅದೂ ಗಾಳಾ ಗಾಳಾ ಮಾರಿದ ಮಾಲ್‌ ಆಗಿತ್ತು. ನಿಮ್ಮ ಅಂಗಡಿಯಲ್ಲಿ ನೆಲದಿಂದ ಸೂರಿನವರೆಗೆ ಇರುವುದು ಬಟ್ಟೆ. 2006ರ ಮಹಾರಾಷ್ಟ್ರ ಅಗ್ನಿ ಸುರಕ್ಷತಾ ಕಾಯ್ದೆಯಂತೆ ಬೆಂಕಿ ನಂದಿಸುವ ಉಪಕರಣಗಳು ಸರಿಯಾಗಿವೆ ಎಂದು ಪರವಾನಗಿ ಪಡೆದ ಏಜೆನ್ಸಿ ಕೊಡುವ ‘ಫಾರ್ಮ್ ಬಿ’ ಪ್ರಮಾಣಪತ್ರವನ್ನು ಪ್ರತಿ ಜನವರಿ ಮತ್ತು ಜುಲೈಯಲ್ಲಿ ಸಲ್ಲಿಸಬೇಕು. ಹಣವಿಲ್ಲದ ಸೊಸೈಟಿ ಮೊದಲು ಕೈಬಿಡುವುದು ಇದನ್ನೇ. ಎಸಿ ಇಲ್ಲದೆ ವ್ಯಾಪಾರ ಮಾಡಬಹುದು, ನೀರಿಲ್ಲದ ಬೆಂಕಿ ಕೊಳವೆಯ ಕೆಳಗೆ ಕೂತು ಮಾಡಬಾರದು. ಸರಕಿಗೆ ವಿಮೆ ಇಲ್ಲದಿದ್ದರೆ ಈ ವಾರವೇ ಮಾಡಿಸಿ.

ಈಗ ಕಾಲದ ಲೆಕ್ಕ. ಮುಂಬಯಿಯಲ್ಲಿ ನವರಾತ್ರಿಯ ಒಂಬತ್ತು ದಿನಕ್ಕೆ ಒಂಬತ್ತು ಬಣ್ಣ ಉಡುವ ರೂಢಿ ನಿಮ್ಮ ಕಸುಬಿಗೆ ಸಿಕ್ಕ ವರ. ಆ ವ್ಯಾಪಾರವನ್ನೂ ದೀಪಾವಳಿಯನ್ನೂ ಇದ್ದಲ್ಲಿಯೇ ಮುಗಿಸಿ. ಬರುವ ಪ್ರತಿ ಗಿರಾಕಿಯ, ಪ್ರತಿ ದರ್ಜಿಯ ಫೋನ್ ನಂಬರನ್ನು ಅವರ ಒಪ್ಪಿಗೆ ಕೇಳಿ ಬರೆದುಕೊಳ್ಳಿ. ಹೊಸ ಜಾಗಕ್ಕೆ ಹೋಗುವುದಿದ್ದರೆ ಹಬ್ಬಗಳ ನಂತರ, ಮದುವೆಯ ಹಂಗಾಮಿನ ಮೊದಲು ಹೋಗಿ. ಈಗಿನ ಅಂಗಡಿಯನ್ನು ಸಿಂಗರಿಸಲು ಮಾತ್ರ ಸಾಲ ಮಾಡಬೇಡಿ. ಪ್ಯಾಸೇಜು ಕತ್ತಲಾಗಿರುವಾಗ ಒಳಗೆ ಹಾಕಿದ ಕನ್ನಡಿ ಯಾರನ್ನೂ ಕರೆತರುವುದಿಲ್ಲ.

ಅದಕ್ಕೂ ಮೊದಲು ಸೊಸೈಟಿಯ ವಾರ್ಷಿಕ ಸಭೆ ಇದೆ. ಕಾಯ್ದೆಯಂತೆ ಅದು ಸೆಪ್ಟೆಂಬರ್ 30ರೊಳಗೆ ಆಗಬೇಕು. ಷೇರು ಪ್ರಮಾಣಪತ್ರದಲ್ಲಿ ನಿಮ್ಮ ಹೆಸರೂ ಇದೆಯೇ, ಯಜಮಾನರದು ಮಾತ್ರವೇ ನೋಡಿ. ಅವರದು ಮಾತ್ರ ಇದ್ದರೆ ಸಭೆಗೆ ಅವರು ಹೋಗಬೇಕು, ಆದರೆ ಪ್ರಶ್ನೆಗಳನ್ನು ನೀವಿಬ್ಬರೂ ಕೂತು ಬರೆಯಿರಿ. ಮೂರೇ ಪ್ರಶ್ನೆ ಸಾಕು: ಮೇಂಟೆನೆನ್ಸ್ ಬಾಕಿದಾರರ ಹೆಸರು, ಮೊತ್ತ ಏನು, ಅವರ ಮೇಲೆ ವಸೂಲಿ ಅರ್ಜಿ ಹಾಕಲಾಗಿದೆಯೇ? ಕೊನೆಯ ‘ಫಾರ್ಮ್ ಬಿ’ ಯಾವ ತಾರೀಕಿನದು? ಮಹಡಿಯನ್ನು ಕಂಪನಿಗೆ ಕೊಡುವ ಪ್ರಸ್ತಾಪವನ್ನು ಸಭೆಯ ವಿಷಯಪಟ್ಟಿಗೆ ಸೇರಿಸಿ, ಮಾಲೀಕರನ್ನು ಹುಡುಕಲು ಒಂದು ಉಪಸಮಿತಿ ನೇಮಿಸುತ್ತೀರಾ? ಸಭೆಯ ನೋಟಿಸ್ ಬರುವವರೆಗೆ ಕಾಯದೆ ಇವನ್ನು ಈಗಲೇ ಕಾಗದದಲ್ಲಿ ಬರೆದು ಕಾರ್ಯದರ್ಶಿಗೆ ಕೊಡಿ, ನಿಮ್ಮ ಪ್ರತಿಯ ಮೇಲೆ ಸೊಸೈಟಿಯ ಮೊಹರು ಮತ್ತು ತಾರೀಕು ಹಾಕಿಸಿಕೊಳ್ಳಿ. ಉಳಿದಿರುವ ಹದಿನಾಲ್ಕು ಅಂಗಡಿಯವರ ಸಹಿಯೂ ಆ ಕಾಗದದಲ್ಲಿದ್ದರೆ ಕಮಿಟಿ ಅದನ್ನು ಬದಿಗಿಡುವುದು ಕಷ್ಟ.